ಗಾಳಿಗೆ ಬೆನ್ನು ಕೊಟ್ಟು ಊರಿಗೆ: ಕುಡಾಳದಿಂದ ಉಡುಪಿಗೆ ಒಂದು ವಾರದ ಸೈಕಲ್ ಪಯಣ

ಮೂರು ವರ್ಷದ ಹಿಂದೆ ಉಡುಪಿಯಿಂದ ಗೋಕರ್ಣಕ್ಕೆ ಸೈಕಲ್ಲಿನಲ್ಲಿ ಹೊರಟಿದ್ದೆ. ಬೆಳಗ್ಗಿನ ಸವಾರಿ ಹಾಯಾಗಿತ್ತು. ಬೈಂದೂರು ದಾಟಿ, ಭಟ್ಕಳದಲ್ಲಿ ಊಟ ಮುಗಿಸಿ ಏಳುವಾಗ ಮಧ್ಯಾಹ್ನ ಒಂದೂವರೆ. ಅಲ್ಲಿಂದ ಹೊನ್ನಾವರ 40 ಕಿಲೋಮೀಟರ್ ದೂರ. ಅಷ್ಟಕ್ಕೆ ನಾಲ್ಕು ಗಂಟೆ ಹಿಡಿಯಿತು. ದೊಡ್ಡ ಏರು ಇರಲಿಲ್ಲ, ಪಂಚರ್ ಆಗಲಿಲ್ಲ, ಕಾಲೂ ಸೋತಿರಲಿಲ್ಲ. ಎದುರಿಗಿದ್ದದ್ದು ಗಾಳಿ ಮಾತ್ರ. ಪೆಡಲ್ ತುಳಿಯುವುದು ಬಿಟ್ಟರೆ ಇಳಿಜಾರಿನಲ್ಲೂ ಸೈಕಲ್ ನಿಂತುಬಿಡುತ್ತಿತ್ತು.

ಊರಿಗೆ ಬಂದು ಮಲ್ಪೆಯ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. "ಮಧ್ಯಾಹ್ನದ ಮೇಲೆ ಬಡಗು ಮುಖ ಮಾಡಿ ಯಾಕೆ ಹೋದೆ ಮಾರಾಯ?" ಅಂದರು. ಅಷ್ಟೇ ಅವರು ಹೇಳಿದ್ದು. ಆ ಒಂದು ಮಾತಿನ ಮೇಲೆಯೇ 2025ರ ಜನವರಿಯ ನನ್ನ ಇಡೀ ಪ್ರವಾಸ ನಿಂತಿತು.

ನಮ್ಮ ಕರಾವಳಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿಯಿಡೀ ತಣ್ಣಗಾದ ನೆಲದಿಂದ ಬೆಳಿಗ್ಗೆ ಮೂಡಣದ ಗಾಳಿ ಕಡಲ ಕಡೆಗೆ ಮೆಲ್ಲಗೆ ಬೀಸುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ನಿಲ್ಲುತ್ತದೆ. ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿದ ಮೇಲೆ ಕಡಲಿನ ಗಾಳಿ ಒಳಗೆ ನುಗ್ಗುತ್ತದೆ. ಅದು ಬರುವುದು ಹೆಚ್ಚಾಗಿ ಪಡುವಣ ಮತ್ತು ಬಡಗಿನ ನಡುವಿನ ದಿಕ್ಕಿನಿಂದ. ತೆಂಕು ಮುಖವಾಗಿ ಹೋಗುವವನಿಗೆ ಮಧ್ಯಾಹ್ನವಿಡೀ ಬೆನ್ನಿಗೆ ಒಂದು ಕೈ ಇದ್ದ ಹಾಗೆ. ಬಡಗು ಮುಖವಾಗಿ ಹೋಗುವವನಿಗೆ ಅದೇ ಕೈ ಎದೆಯ ಮೇಲೆ. ಶಿವಾಜಿಯ ನೌಕಾಪಡೆ ಮಾಲವಣದಿಂದ ಹಾಯಿ ಬಿಚ್ಚಿ ನಮ್ಮ ಬಸ್ರೂರಿನ ಮೇಲೆ ಬಂದದ್ದೂ 1665ರ ಫೆಬ್ರವರಿಯಲ್ಲಿ. ಇತಿಹಾಸದ ಪಾಠದಲ್ಲಿ ಎಷ್ಟೋ ಸಲ ಓದಿದ್ದೆ, ಆ ತಿಂಗಳಿಗೂ ಗಾಳಿಗೂ ನಂಟು ಇರಬಹುದೆಂದು ಹೊಳೆದದ್ದು ಆಗ.

ಹಾಗಾಗಿ ಊರಿನಿಂದ ಹೊರಡುವ ಯೋಚನೆಯನ್ನೇ ಬಿಟ್ಟೆ. ಸೈಕಲನ್ನು ರೈಲಿನಲ್ಲಿ ಮಹಾರಾಷ್ಟ್ರದ ಕುಡಾಳಕ್ಕೆ ಒಯ್ದು, ಅಲ್ಲಿಂದ ಗೋವಾ ಹಾದು ಮನೆಗೆ ತುಳಿದುಕೊಂಡು ಬರುವುದೆಂದು ನಿಶ್ಚಯಿಸಿದೆ. ಇದರಲ್ಲಿ ಇನ್ನೊಂದು ಸುಖವಿದೆ. ಊರಿಂದ ದೂರ ಹೋಗುವಾಗ ಮೂರನೇ ದಿನ ಮೈಕೈ ನೋವು ಶುರುವಾದರೆ ಮನಸ್ಸು ಹಿಂದಕ್ಕೆ ಎಳೆಯುತ್ತದೆ. ಊರಿನ ಕಡೆಗೇ ಬರುವಾಗ ಆ ಎಳೆತವೂ ನಮ್ಮ ಕಡೆಗೇ ಇರುತ್ತದೆ.

ಗೆಳೆಯನೊಬ್ಬ ತಲಪಾಡಿ ದಾಟಿ ಕಾಸರಗೋಡಿಗೂ ಹೋಗು, ನಾಲ್ಕು ರಾಜ್ಯ ಆಗುತ್ತದೆ ಎಂದ. ಲೆಕ್ಕ ಹಾಕಿ ನೋಡಿದೆ, ದಿನಕ್ಕೆ ನೂರು ಕಿಲೋಮೀಟರಿನ ಮೇಲೆ ಬೀಳುತ್ತಿತ್ತು. ಲಗೇಜು ಹೊತ್ತ ಸೈಕಲ್ಲಿಗೆ, ಜನವರಿಯ ಹಗಲಿಗೆ ಅದು ಜಾಸ್ತಿ ಅನ್ನಿಸಿತು. ಮೂರೇ ಸಾಕೆಂದೆ.

ರಜೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐದು ದಿನ ರಜೆ ಹಾಕಿದರೆ ಎರಡು ಕಡೆಯ ಶನಿವಾರ, ಭಾನುವಾರ ಸೇರಿ ಒಂಬತ್ತು ದಿನ ಸಿಗುತ್ತದೆ. ಮೊದಲ ಶನಿವಾರ ರೈಲಿಗೆ, ಕೊನೆಯ ಭಾನುವಾರ ನಿದ್ದೆಗೆ. ನಡುವಿನ ಏಳು ದಿನದಲ್ಲಿ ಸವಾರಿಗೆ ಆರೇ ದಿನ ಬರೆದೆ. ಒಂದು ದಿನ ಖಾಲಿ. ಅದನ್ನು ಯಾವ ಊರಿನ ಹೆಸರಿಗೂ ಬರೆಯಲಿಲ್ಲ. ಈ ಖಾಲಿ ದಿನ ಇಲ್ಲದೆ ವಾರದ ಪ್ರವಾಸಕ್ಕೆ ಯಾರೂ ಹೊರಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ನಕ್ಷೆ ಹಿಡಿದು ಕುಳಿತಾಗ ಊರುಗಳಿಗಿಂತ ಮೊದಲು ಹೊಳೆಗಳಿಗೆ ಗುರುತು ಹಾಕಿದೆ. ಈ ಕರಾವಳಿಯಲ್ಲಿ ದಾರಿ ನಿರ್ಧರಿಸುವುದು ಹೊಳೆಗಳೇ. ಕರ್ಲಿ, ತೇರೆಖೋಲ, ಶಾಪೋರಾ, ಮಾಂಡವಿ, ಜುವಾರಿ, ತಳಪಣ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ. ಪ್ರತಿಯೊಂದರ ಮುಂದೆ ಸೇತುವೆಯೋ ಫೆರಿಯೋ, ಹೆದ್ದಾರಿಯೋ ಹಳೆ ರಸ್ತೆಯೋ ಎಂದು ಬರೆದುಕೊಂಡೆ. ಫೆರಿ ಇರುವಲ್ಲಿ, ಅದು ಸಿಗದಿದ್ದರೆ ಒಳದಾರಿಯ ಸೇತುವೆ ಎಷ್ಟು ದೂರ ಎಂಬುದನ್ನೂ. ಎರಡು ಸಂಜೆ ಹಿಡಿದ ಈ ಕೆಲಸ ದಾರಿಯಲ್ಲಿ ಪ್ರತಿ ದಿನ ಉಪಯೋಗಕ್ಕೆ ಬಂತು. ಕರಾವಳಿ ಸಪಾಟು ಅಂದುಕೊಳ್ಳುವವರಿಗೆ ಇನ್ನೊಂದು ಮಾತು: ಸಿಂಧುದುರ್ಗ ಜಿಲ್ಲೆಯಲ್ಲಿ ರಸ್ತೆ ಮುರಕಲ್ಲಿನ ಬೋಳು ಹಾಸಿನ ಮೇಲೆ ಓಡುತ್ತದೆ, ಪ್ರತಿ ಹೊಳೆಗೂ ಕಡಿದಾಗಿ ಇಳಿಯುತ್ತದೆ, ಮತ್ತೆ ಅಷ್ಟೇ ಕಡಿದಾಗಿ ಏರುತ್ತದೆ. ಒಂದೊಂದು ಏರು ಚಿಕ್ಕದೇ, ಆದರೆ ದಿನಕ್ಕೆ ಹತ್ತು ಹನ್ನೆರಡು ಬಂದಾಗ ತೊಡೆ ಲೆಕ್ಕ ಇಟ್ಟುಕೊಳ್ಳುತ್ತದೆ. ಹಿಂದಿನ ಚಕ್ರಕ್ಕೆ 34 ಹಲ್ಲಿನ ದೊಡ್ಡ ಗೇರು ಹಾಕಿಸಿದ್ದು ಇದಕ್ಕಾಗಿ.

ಸಾಮಾನು ಒಟ್ಟು 9 ಕಿಲೋಗೆ ನಿಲ್ಲಿಸಿದೆ. ಎರಡು ಜೊತೆ ಸವಾರಿ ಬಟ್ಟೆ, ಸಂಜೆಗೆ ಒಂದು ಲುಂಗಿ ಮತ್ತು ಅಂಗಿ, ಎರಡು ಟ್ಯೂಬು, ಪಂಪು, ಚೈನ್ ಟೂಲು, ಎರಡು ಹಿಂದೀಪ, ಹಿಂದಿನ ಗೇರು ಕೂರುವ ಹ್ಯಾಂಗರ್ ಒಂದು. ಹೆಬ್ಬೆರಳಿನಷ್ಟು ದೊಡ್ಡ ಈ ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಥರ. ಬಗ್ಗಿದರೆ ದಾರಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಟೈರು ಬೇಕಾದರೆ ಎಲ್ಲಾದರೂ ಹುಡುಕಬಹುದು, ಇದನ್ನು ಮನೆಯಿಂದಲೇ ಒಯ್ಯಬೇಕು.

ರೈಲಿನ ಪಾರ್ಸೆಲ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಕುಡಾಳದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ, ಅಷ್ಟರಲ್ಲಿ ಲಗೇಜ್ ಡಬ್ಬಿಯಿಂದ ಸೈಕಲ್ ಇಳಿಸಿಕೊಳ್ಳುವುದು ಕಷ್ಟ. ಎರಡೂ ಚಕ್ರ, ಪೆಡಲು, ಸೀಟಿನ ಕಂಬ ಕಳಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಗೇರನ್ನು ಬಿಚ್ಚಿ ಹಳೆ ಟವೆಲಿನಲ್ಲಿ ಸುತ್ತಿ ಎಲ್ಲವನ್ನೂ ದಪ್ಪ ಚೀಲಕ್ಕೆ ತುಂಬಿದೆ. ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ, ನೆನಪಿರಲಿ. ಶನಿವಾರ ಮಧ್ಯಾಹ್ನ ಇಂದ್ರಾಳಿಯಲ್ಲಿ ಹತ್ತಿ ರಾತ್ರಿ ಕುಡಾಳದಲ್ಲಿ ಇಳಿದೆ. ಸ್ಟೇಷನ್ನಿನ ದೀಪದ ಕೆಳಗೆ ಒಂದು ಗಂಟೆ ಕುಳಿತು ಎಲ್ಲ ಜೋಡಿಸಿದೆ. ತಪ್ಪು ಮಾಡಿದ್ದು ಅಲ್ಲಿ, ಗೊತ್ತಾದದ್ದು ಮೂರು ದಿನ ಬಿಟ್ಟು.

ಭಾನುವಾರ ಮಾಲವಣದ ದಡದಲ್ಲಿ ನಿಂತು, 1664ರಲ್ಲಿ ಶಿವಾಜಿ ಕಟ್ಟಲು ತೊಡಗಿದ ಸಿಂಧುದುರ್ಗವನ್ನು ದೂರದಿಂದ ನೋಡಿ ವೆಂಗುರ್ಲಾಕ್ಕೆ ತಿರುಗಿದೆ. ಸೋಮವಾರ ಶಿರೋಡಾದ ಉಪ್ಪಿನ ಗದ್ದೆ, ರೇಡಿ, ಆಮೇಲೆ ತೇರೆಖೋಲ. ಹೊಳೆಯ ಈಚೆ ದಡದ ಕೋಟೆಯೂ ಗೋವಾದ್ದೇ, ಆದ್ದರಿಂದ ಗಡಿ ದಾಟಿದ್ದು ನೀರಿನ ಮೇಲಲ್ಲ, ಅದಕ್ಕೂ ಮೊದಲೇ ನೆಲದ ಮೇಲೆ. ಇಳಿತದ ಹೊತ್ತಿಗೆ ತಲುಪಿದ್ದರಿಂದ ಫೆರಿಗೆ ಒಂದೂವರೆ ಗಂಟೆ ಕಾದೆ. ಜೊತೆಗೆ ಕಾಯುತ್ತಿದ್ದ ಮೀನು ಮಾರುವ ಹೆಂಗಸಿನ ಕೊಂಕಣಿ ನನಗೆ ಅರ್ಧ ಅರ್ಥವಾಯಿತು, ನನ್ನ ಉಡುಪಿಯ ಕೊಂಕಣಿ ಅವರಿಗೆ ಮುಕ್ಕಾಲು. ಬುತ್ತಿಯ ಜೊತೆ ಅವರು ಕೊಟ್ಟ ಸೋಲ್ ಕಢಿ ಕುಡಿದಾಗ ನಮ್ಮ ಪುನರ್ಪುಳಿಯೇ ನಾಲಿಗೆಗೆ ಬಂತು. ಅಲ್ಲಿ ಕೋಕಂ, ಕುಮಟಾ ಕಡೆ ಮುರುಗಲು, ಕೊಂಕಣಿಯಲ್ಲಿ ಭಿರಂಡ, ತುಳುವಿನಲ್ಲಿ ಪುನರ್ಪುಳಿ. ಬಿಸಿಲಿನಲ್ಲಿ ತುಳಿಯುವವನಿಗೆ ಉಪ್ಪು ಹಾಕಿದ ಆ ಹುಳಿಗಿಂತ ಒಳ್ಳೆಯ ಪಾನೀಯ ಯಾವ ಪ್ಯಾಕೆಟ್ಟಿನಲ್ಲೂ ಸಿಗುವುದಿಲ್ಲ. ವಾರವಿಡೀ ಅದನ್ನೇ ಕೇಳಿ ಕುಡಿದೆ.

ಪಣಜಿಯಿಂದ ಮಡಗಾಂವಿನವರೆಗೆ ವಾಹನ ದಟ್ಟಣೆಯೇ, ಹೇಳುವಂಥದ್ದೇನಿಲ್ಲ. ಮಂಗಳವಾರ ಮಧ್ಯಾಹ್ನ ಕರ್ಮಲ ಘಾಟಿ ಏರುವಾಗ ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದ ಹಾಗಾಯಿತು. ಕಾಣಕೋಣ ತಲುಪುವಾಗ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ರಾತ್ರಿ ರೂಮಿನಲ್ಲಿ ಸೈಕಲನ್ನು ಗೋಡೆಗೆ ಒರಗಿಸಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲೆ ಇಟ್ಟೆ. ಸೀಟು ಸರಿ ಇದ್ದರೆ ಆಗ ಕಾಲು ನೆಟ್ಟಗಾಗಬೇಕು. ಆಗಲಿಲ್ಲ, ಮೊಣಕಾಲು ಮಡಚಿಕೊಂಡೇ ಇತ್ತು. ಕುಡಾಳದ ಮಬ್ಬು ಬೆಳಕಿನಲ್ಲಿ ಸೀಟಿನ ಕಂಬವನ್ನು ಅಂದಾಜಿನ ಮೇಲೆ ಬಿಗಿದಿದ್ದೆ. ಕಂಬದ ಮೇಲೆ ಹಳೆಯ ಸವಾರಿಯ ಧೂಳು ಗೆರೆ ಕಟ್ಟಿತ್ತು, ಈಗಿನ ಬಿಗಿಗೂ ಆ ಗೆರೆಗೂ ನಡುವೆ ಬೆರಳಿನ ಅಗಲ. ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ದಿನಕ್ಕೆ ಇಪ್ಪತ್ತು ಸಾವಿರ ಸಲ ಪೆಡಲ್ ತಿರುಗಿಸುವಾಗ ಆ ಬೆರಳಗಲವೇ ಸಾಕು. ಮೊಣಕಾಲಿನ ಮುಂದೆ ನೋವು ಬಂದರೆ ಹೆಚ್ಚಾಗಿ ಸೀಟು ತಗ್ಗಿರುತ್ತದೆ, ಹಿಂದೆ ಬಂದರೆ ಎತ್ತರವಾಗಿರುತ್ತದೆ. ಕಂಬವನ್ನು ಗೆರೆಗೆ ತಂದು ಬಿಗಿದು, ಆ ಮಟ್ಟದಲ್ಲಿ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದೆ. ಹತ್ತು ರೂಪಾಯಿಯ ಆ ಟೇಪನ್ನು ಮನೆಯಲ್ಲೇ ಸುತ್ತಿದ್ದರೆ ಆಗಿತ್ತು.

ಖಾಲಿ ಬಿಟ್ಟ ದಿನ ಇಲ್ಲಿ ಖರ್ಚಾಯಿತು. ಗೋವಾದಿಂದ ಈಚೆಗೆ ಎಲ್ಲೂ ರೂಮು ಬುಕ್ ಮಾಡಿರಲಿಲ್ಲ, ಆದ್ದರಿಂದ ದಿನಗಳನ್ನು ಸಲೀಸಾಗಿ ಮುರಿದು ಜೋಡಿಸಬಹುದಿತ್ತು. ಬುಧವಾರ 38 ಕಿಲೋಮೀಟರ್ ಮಾತ್ರ ತುಳಿದು ಕಾರವಾರದಲ್ಲಿ ನಿಂತೆ. ಪೋಳೆಂ ಗಡಿ ದಾಟಿದ ಮೇಲೆ ಮೊದಲ ಕನ್ನಡ ಬೋರ್ಡು ಕಂಡಾಗ ಗಂಟಲು ತುಂಬಿ ಬಂತು, ನಾಲ್ಕೇ ದಿನ ಹೊರಗಿದ್ದದ್ದಾದರೂ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದ್ದರಿಂದ ಎರಡೂ ದಿಕ್ಕಿನ ಲಾರಿಗಳು ಹೊಸ ಸೇತುವೆಯ ಮೇಲೇ. ಅಂಚು ಹಿಡಿದು, ಎರಡೂ ದೀಪ ಹೊತ್ತಿಸಿ ದಾಟಿದೆ. ಮಧ್ಯಾಹ್ನ ಮೀನಂಗಡಿಯಲ್ಲಿ ಐಸು ಕೇಳಿ ತಂದು, ಟ್ಯಾಗೋರ್ ಕಡಲತೀರದ ಗಾಳಿಮರದ ನೆರಳಲ್ಲಿ ಮೊಣಕಾಲಿಗೆ ಕಟ್ಟಿಕೊಂಡು ಕುಳಿತೆ.

ಗುರುವಾರ ನೋವು ಬಹಳ ಇಳಿದಿತ್ತು. ಅಂಕೋಲಾ ದಾಟಿದ ಮೇಲೆ ಶಿರೂರು. ನಮ್ಮ ಬೈಂದೂರಿನ ಶಿರೂರಲ್ಲ, 2024ರ ಜುಲೈ 16ರಂದು ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದ ಶಿರೂರು. ಒಂದು ಬದಿಗೆ ಕೆಂಪಗೆ ಸೀಳಿದ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. ಕಾರಿನಲ್ಲಿ ಅರ್ಧ ನಿಮಿಷದಲ್ಲಿ ದಾಟುವ ಜಾಗ. ಸೈಕಲ್ಲಿನಲ್ಲಿ ಆ ಮಣ್ಣಿನ ವಾಸನೆಯನ್ನೂ ಹಾದು ಹೋಗಬೇಕು. ಇಳಿದು ನಿಂತೆ, ಚಾ ಅಂಗಡಿ ಇದ್ದ ಜಾಗದ ಕಡೆ ಕೈಮುಗಿದು ತಳ್ಳಿಕೊಂಡೇ ಮುಂದೆ ಹೋದೆ.

ಕುಮಟಾದಲ್ಲಿ ಊಟ. ಅಲ್ಲಿಂದ ಗಾಳಿ ಹಿಂದಿನಿಂದ ಬಂತು. ಹೊನ್ನಾವರದಲ್ಲಿ ಶರಾವತಿಯ ಅಗಲ ನೋಡುತ್ತ ಉಳಿದೆ. ಮೂರು ವರ್ಷದ ಹಿಂದೆ ನಾಲ್ಕು ಗಂಟೆ ತಿಂದ ಹೊನ್ನಾವರ-ಭಟ್ಕಳದ 40 ಕಿಲೋಮೀಟರನ್ನು ಶುಕ್ರವಾರ ಎರಡು ಗಂಟೆಯಲ್ಲಿ ದಾಟಿದೆ. ಬೆಳಗಿನ ಹೊತ್ತಾದ್ದರಿಂದ ಬೆನ್ನಿಗೆ ಗಾಳಿ ಇರಲಿಲ್ಲ, ಎದುರಿಗೂ ಇರಲಿಲ್ಲ. ಮಧ್ಯಾಹ್ನ ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಹಿಂದಿನಿಂದ ಗಾಳಿ. ಅಷ್ಟು ದೂರ ಕಾಲಿಗೆ ಕೆಲಸವೇ ಇರಲಿಲ್ಲ. ಕುಂದಾಪುರದಲ್ಲಿ ರಾತ್ರಿ.

ಶನಿವಾರಕ್ಕೆ ಉಳಿದಿದ್ದದ್ದು 50 ಕಿಲೋಮೀಟರಿನೊಳಗೆ. ಹೆದ್ದಾರಿ ಹಿಡಿದರೆ ಊಟಕ್ಕೆ ಮೊದಲೇ ಮನೆ. ಆದರೆ ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಹಂಗಾರಕಟ್ಟೆಗೆ ತಿರುಗಿದೆ, ಅಲ್ಲಿಂದ ಕೋಡಿ ಬೆಂಗ್ರೆಗೆ ಬಾರ್ಜು. ನನ್ನ ಹೊಳೆಗಳ ಪಟ್ಟಿಯ ಕೊನೆಯ ಸಾಲು ಅದು. ಬಾರ್ಜಿನವರು ಸೈಕಲ್ ಹಿಡಿದುಕೊಂಡು, "ಎಲ್ಲಿಂದ?" ಅಂದರು. ಕುಡಾಳದಿಂದ ಎಂದೆ. "ಗಾಳಿ ಒಳ್ಳೇದಿತ್ತಲ್ಲ ಈ ವಾರ" ಎಂದು ಹಗ್ಗ ಬಿಚ್ಚಿದರು.

ಕೋಡಿ ಬೆಂಗ್ರೆಯಿಂದ ಹೂಡೆಯ ಕಡೆಗೆ ಎಡಕ್ಕೆ ಹೊಳೆ, ಬಲಕ್ಕೆ ಕಡಲು, ನಡುವೆ ತೆಂಗು. ಗಂಟೆ ಎರಡೂವರೆ. ದೊಡ್ಡ ಗೇರಿಗೆ ಹಾಕಿ ಕಾಲು ನಿಲ್ಲಿಸಿ ನೋಡಿದೆ. ಸೈಕಲ್ ನಿಲ್ಲಲಿಲ್ಲ.