ಎರಡು ಪಿಎನ್‌ಆರ್, ಒಂದು ಮಳೆ

ಮಂಗಳೂರು–ಬೆಂಗಳೂರು ಒಂದು ಕಂಪನಿ, ಬೆಂಗಳೂರು–ಸಿಂಗಾಪುರ ಇನ್ನೊಂದು. ಬೇರೆ ಬೇರೆ ಬುಕ್ ಮಾಡಿದರೆ ನಾಲ್ಕು ಕಾಸು ಉಳಿಯುತ್ತದೆ ಅಂತ ನನ್ನ ಲೆಕ್ಕಾಚಾರ. ಜುಲೈ ಮಳೆಗೆ ಬಜ್ಪೆಯ ರನ್‌ವೇ ಕಾಣಲೇ ಇಲ್ಲ, ಸಂಜೆಯ ವಿಮಾನ ರದ್ದು. ಶಿರಾಡಿ ಘಾಟಿ ಹತ್ತಿ ರಾತ್ರಿಯ ವಿಮಾನ ಹಿಡಿಯುವುದು ಆಗದ ಮಾತು.

ಮೊದಲನೇ ಕಂಪನಿ ತನ್ನ ಟಿಕೆಟ್ ಹಣ ವಾಪಸ್ ಕೊಟ್ಟಿತು. ಎರಡನೆಯವರು, "ಅದು ಬೇರೆ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಸರ್, ನಮ್ಮಲ್ಲಿ ನೀವು ನೋ-ಶೋ" ಅಂದರು. ಅಂದರೆ ಟಿಕೆಟ್ ಇದ್ದೂ ವಿಮಾನಕ್ಕೆ ಬಾರದವನು. ಪ್ರಯಾಣ ವಿಮೆ ಮಾಡಿಸಿದ್ದೆ, ಅದಕ್ಕೆ 'ಟ್ರಿಪ್ ಕ್ಯಾನ್ಸಲೇಶನ್' (ಪ್ರಯಾಣ ರದ್ದು) ಅಂತ ಕ್ಲೇಮ್ ಹಾಕಿದೆ. ರದ್ದಾದ ಟಿಕೆಟ್ಟಿನ ಹಣ ಬಂದಿದೆಯಲ್ಲ, ನಷ್ಟವೆಲ್ಲಿ ಎಂದು ತಿರಸ್ಕರಿಸಿದರು.

ಆಮೇಲೆ ಕೂತು ಪಾಲಿಸಿಯ ಸಣ್ಣಕ್ಷರ ಓದಿದೆ. (ಕೊಳ್ಳುವ ಮುಂಚೆ ಓದಬೇಕಿತ್ತು, ಬಿಡಿ.) 'ಮಿಸ್ಡ್ ಕನೆಕ್ಷನ್' (ಮೊದಲ ವಿಮಾನ ಕೈಕೊಟ್ಟು ಮುಂದಿನದು ತಪ್ಪುವುದು) ಎಂಬ ಬೇರೆಯೇ ವಿಭಾಗ ಇತ್ತು. ಷರತ್ತು: ಎರಡು ವಿಮಾನಗಳ ನಡುವೆ ಕನಿಷ್ಠ 4 ಗಂಟೆ. ನನ್ನದು ಐದೂವರೆ! ಒಂದೇ ಟಿಕೆಟ್ ಆಗಿರಬೇಕು ಅಂತ ಎಲ್ಲೂ ಇರಲಿಲ್ಲ. ಕೆಲವು ಪಾಲಿಸಿಗಳಲ್ಲಿ ಆ ಷರತ್ತು ಇರುತ್ತದೆ.

ಹವಾಮಾನದ ಕಾರಣ ಬರೆದ ರದ್ದತಿ ಪತ್ರ, ಎರಡೂ ಟಿಕೆಟ್, ನೋ-ಶೋ ಪತ್ರ ಲಗತ್ತಿಸಿ, ಆ ವಿಭಾಗದ ಹೆಸರು ಹೇಳಿಯೇ ಮತ್ತೆ ಬರೆದೆ. ನೋ-ಶೋ ಆದರೂ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಸಿಗುತ್ತದೆ. ಅದನ್ನು ಎರಡನೇ ಕಂಪನಿಯಿಂದ ಕೇಳಿ ಪಡೆದೆ. ಉಳಿದ ನಷ್ಟದಲ್ಲಿ ಪಾಲಿಸಿ ಪ್ರಕಾರ ನಾವೇ ಹೊರಬೇಕಾದ ಪಾಲು ಕಳೆದು ಮಿಕ್ಕದ್ದನ್ನು ವಿಮೆಯವರು ಕೊಟ್ಟರು. ವಿಮೆಯ ದೂರು ಕೇಳುವ ಓಂಬುಡ್ಸ್‌ಮನ್‌ವರೆಗೆ ಹೋಗುವ ಪ್ರಮೇಯ ಬರಲಿಲ್ಲ.