ಗ್ರಾಫಿಕ್ಸ್ ಕಾರ್ಡಿನ ಬಿಸಿ ಎಲ್ಲಿ ತಡೆದು ನಿಂತಿದೆ? ಕಲಬುರಗಿ ಬೇಸಿಗೆಯಲ್ಲಿ ನಾನು ಹುಡುಕಿದ ಬಗೆ

ಗ್ರಾಫಿಕ್ಸ್ ಕಾರ್ಡ್ 120 ವ್ಯಾಟ್ ವಿದ್ಯುತ್ ಎಳೆದುಕೊಂಡರೆ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಆ ಬಿಸಿ ಚಿಪ್ಪಿನಿಂದ ಥರ್ಮಲ್ ಪೇಸ್ಟಿಗೆ (ಚಿಪ್ಪಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಬಿಸಿ ದಾಟಿಸಲು ಸವರುವ ಲೇಪ), ಅಲ್ಲಿಂದ ತಾಮ್ರದ ಹೀಟ್‌ಪೈಪಿಗೆ, ಅಲ್ಯುಮಿನಿಯಂ ರೆಕ್ಕೆಗಳಿಗೆ, ಕ್ಯಾಬಿನೆಟ್ಟಿನ ಗಾಳಿಗೆ, ಆಮೇಲೆ ಕೋಣೆಗೆ ಸಾಗಬೇಕು. ಈ ದಾರಿಯಲ್ಲಿ ತಡೆ ಎಲ್ಲಿದೆ ಅಂತ ನೋಡದೆ ಹೊಸ ಫ್ಯಾನ್ ತಂದು ಹಾಕಿದರೆ ದುಡ್ಡು ದಂಡವಾಗುವುದೇ ಹೆಚ್ಚು.

ನಾನು ಮದುವೆ ವಿಡಿಯೊ ಎಡಿಟಿಂಗ್ ಮಾಡುವವನು, ಊರು ಕಲಬುರಗಿ. ನಮಗೆ ಕೆಲಸ ಮೈಮೇಲೆ ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಹೊರಗೆ ಬಿಸಿಲು 40 ಡಿಗ್ರಿ ದಾಟಿರುವ ಹೊತ್ತು. ನನ್ನ ಹತ್ತಿರ ಇರುವುದು ಜಿಟಿಎಕ್ಸ್ 1060, 6 ಜಿಬಿಯದು. 2016ರಲ್ಲಿ ಬಂದ ಮಾದರಿಯಾದರೂ ನನ್ನ ಕೆಲಸಕ್ಕೆ ಸಾಕು. ಆದರೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಆಗಿಸುವ ಕೆಲಸ) ಹಾಕಿದ ಸ್ವಲ್ಪ ಹೊತ್ತಿಗೇ 84 ಡಿಗ್ರಿ ಮುಟ್ಟಿ, 1900 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಓಡಬೇಕಾದದ್ದು 1700ಕ್ಕೆ ಇಳಿಯುತ್ತಿತ್ತು. ಈ ತಲೆಮಾರಿನ ಕಾರ್ಡುಗಳಿಗೆ ಸಾಮಾನ್ಯವಾಗಿ 83 ಡಿಗ್ರಿಯ ಗಡಿ ಹಾಕಿರುತ್ತಾರೆ. ಅದು ಬಂತೆಂದರೆ ಕಾರ್ಡು ತಾನೇ ವೇಗ ತಗ್ಗಿಸಿ ಚಿಪ್ಪನ್ನು ಕಾಪಾಡಿಕೊಳ್ಳುತ್ತದೆ. ನಷ್ಟವಾಗುವುದು ನಮ್ಮ ಸಮಯ.

ಏನನ್ನೂ ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರ್ ಮತ್ತೆ ಓಡಿಸುವುದು. ತಾಪಮಾನ ಚೆನ್ನಾಗಿ ಇಳಿದರೆ ತಪ್ಪು ಕ್ಯಾಬಿನೆಟ್ಟಿನ ಗಾಳಿಯ ಹರಿವಿನದು, ಇಳಿಯದಿದ್ದರೆ ಕಾರ್ಡಿನೊಳಗಿನದು. ನನಗೆ ಇಳಿದದ್ದು ಬರೀ ಮೂರು ಡಿಗ್ರಿ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು, ಹೆಚ್ಚಿನವರು ಇದನ್ನು ಮಾಡುವುದಿಲ್ಲ. ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದಿಟ್ಟು, ರೆಂಡರ್ ಭರದಲ್ಲಿ ಓಡುತ್ತಿರುವಾಗ ಥಟ್ಟನೆ ನಿಲ್ಲಿಸಿ, ತಾಪಮಾನ ಯಾವ ರೀತಿ ಇಳಿಯುತ್ತದೆ ಅಂತ ನೋಡಬೇಕು. ಸಾವಕಾಶವಾಗಿ ಇಳಿದರೆ ಹೀಟ್‌ಸಿಂಕೇ (ಹೀಟ್‌ಪೈಪು, ರೆಕ್ಕೆಗಳು ಸೇರಿದ ಲೋಹದ ಭಾಗ) ಕಾದು ಕೂತಿದೆ ಎಂದರ್ಥ: ರೆಕ್ಕೆಗಳಲ್ಲಿ ದೂಳು ಕಟ್ಟಿರಬಹುದು, ಫ್ಯಾನ್ ಸೋತಿರಬಹುದು. ಒಂದೆರಡು ಸೆಕೆಂಡಿನಲ್ಲೇ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಧುಮುಕಿದರೆ ಹೀಟ್‌ಸಿಂಕ್ ತಣ್ಣಗಿದ್ದು ಚಿಪ್ಪು ಮಾತ್ರ ಸುಡುತ್ತಿತ್ತು ಎಂದರ್ಥ. ಅಂದರೆ ಇವೆರಡರ ನಡುವಿನ ಪೇಸ್ಟ್ ಬಿಸಿಯನ್ನು ದಾಟಿಸುತ್ತಿಲ್ಲ. ನನ್ನ ಕಾರ್ಡು ಹೀಗೆಯೇ ಧುಮುಕಿತು.

ಬಿಚ್ಚಿ ನೋಡಿದಾಗ ಪೇಸ್ಟ್ ಒಣಗಿ, ಬಿರುಕು ಬಿಟ್ಟು, ಚಿಪ್ಪಿನ ನಡುಭಾಗದಿಂದ ಅಂಚಿಗೆ ಸರಿದಿತ್ತು. ಚಿಪ್ಪು ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗುತ್ತಾ ವರ್ಷಗಟ್ಟಲೆ ಪೇಸ್ಟನ್ನು ಹೊರಕ್ಕೆ ತಳ್ಳಿರುತ್ತದೆ. ಆ ಖಾಲಿ ಜಾಗ ತುಂಬುವುದು ಗಾಳಿ. ಬಿಸಿ ಸಾಗಿಸುವುದರಲ್ಲಿ ತಾಮ್ರದ ಅಳತೆ 400ರ ಹತ್ತಿರವಿದ್ದರೆ ಗಾಳಿಯದು 0.026. ಕೂದಲೆಳೆಯಷ್ಟು ಗಾಳಿಯ ಪದರವೂ ಎಷ್ಟು ದೊಡ್ಡ ತಡೆ ಅಂತ ಇದರಿಂದಲೇ ತಿಳಿಯುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ವಿದ್ಯುತ್ ಹರಿಸದ ಪೇಸ್ಟನ್ನು ಚಿಪ್ಪಿನ ಮೈ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಿದೆ. ಸಿಪಿಯುಗೆ ಹಾಕುವ ಹಾಗೆ ನಡುವೆ ಒಂದು ಚುಕ್ಕೆ ಇಟ್ಟರೆ ಇಲ್ಲಿ ಭರವಸೆ ಸಾಲದು. ಚಿಪ್ಪಿನ ಮೇಲೆ ಲೋಹದ ಮುಚ್ಚಳವಿಲ್ಲ, ಪೇಸ್ಟ್ ತಲುಪದ ಮೂಲೆ ನೇರವಾಗಿ ಸುಡುತ್ತದೆ. ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳನ್ನು ಎದುರು-ಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು.

ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಹಾಳೆ) ಬದಲಿಸುವುದಾದರೆ ಹಳೆಯದರ ದಪ್ಪ ಅಳೆದೇ ತನ್ನಿ. ಒಂದು ಮಿಲಿಮೀಟರ್ ಇರುವಲ್ಲಿ ಒಂದೂವರೆಯದು ಹಾಕಿದರೆ ಹೀಟ್‌ಸಿಂಕ್ ಎತ್ತಿಕೊಂಡು ಮುಖ್ಯ ಚಿಪ್ಪಿಗೇ ಸರಿಯಾಗಿ ತಾಗುವುದಿಲ್ಲ. ಬ್ಲೋವರ್‌ನಿಂದ ದೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಪೇಸ್ಟ್ ಹಾಕಿದ ಮೇಲೆ ಅದೇ ರೆಂಡರಿಗೆ 74 ಡಿಗ್ರಿ. ಇನ್ನಷ್ಟು ಇಳಿಸಲು ಕೈಹಾಕಿದ್ದು ವೋಲ್ಟೇಜಿಗೆ. ಚಿಪ್ಪು ಕೆಲಸ ಮಾಡುವಾಗ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.05 ವೋಲ್ಟಿನಿಂದ 0.9ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಕಾಲುಭಾಗ ಬಿಸಿ ಹುಟ್ಟುವುದೇ ಇಲ್ಲ. ಕಾರ್ಡಿನ ವೇಗ, ವೋಲ್ಟೇಜ್ ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದ ವೋಲ್ಟೇಜ್ ಗೆರೆಯಲ್ಲಿ 0.9 ವೋಲ್ಟಿಗೆ 1850 ಮೆಗಾಹರ್ಟ್ಜ್ ನಿಲ್ಲಿಸಿದೆ. ಒಂದೇ ಮಾದರಿಯ ಎರಡು ಕಾರ್ಡುಗಳೂ ಇದರಲ್ಲಿ ಒಂದೇ ಥರ ಇರುವುದಿಲ್ಲ. ಒಂದೊಂದೇ ಹೆಜ್ಜೆ ಇಳಿಸಿ, ಉದ್ದನೆಯ ರೆಂಡರ್ ಪೂರ್ತಿ ಓಡಿಸಿ ನೋಡಿಯೇ ಮುಂದೆ ಹೋಗಬೇಕು. ಈಗ 67, 68ರಲ್ಲಿ ನಿಲ್ಲುತ್ತದೆ, ವೇಗ ಕುಸಿಯುವುದಿಲ್ಲ.

ಈ ಅಂಕಿಗಳೆಲ್ಲ ಕೋಣೆ 34 ಡಿಗ್ರಿ ಇದ್ದಾಗಿನವು. ಕೋಣೆಯ ತಾಪಮಾನ ಬರೆದಿಟ್ಟುಕೊಳ್ಳದೆ ಕಾರ್ಡಿನದನ್ನು ಹೋಲಿಸಿ ಪ್ರಯೋಜನವಿಲ್ಲ: ಕೋಣೆ ಐದು ಡಿಗ್ರಿ ಏರಿದರೆ, ಫ್ಯಾನಿನ ವೇಗ ಅಷ್ಟೇ ಇದ್ದಲ್ಲಿ, ಕಾರ್ಡೂ ಸುಮಾರು ಐದು ಡಿಗ್ರಿ ಏರುತ್ತದೆ. ಬೆಂಗಳೂರಿನ ಗೆಳೆಯರು ಹೇಳುವ ಅಂಕಿಗಳು ಅದಕ್ಕೇ ನಮಗೆ ಹೊಂದುವುದಿಲ್ಲ.

ನಾನು ಎಸಿ ಹಾಕಿಸಿಲ್ಲ. ನಮ್ಮ ಒಣ ಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಟ್‌ಪೈಪಿನೊಳಗೂ ನಡೆಯುವುದು ನೀರು ಆವಿಯಾಗುವ ಕೆಲಸವೇ: ಕಾದ ತುದಿಯಲ್ಲಿ ಆವಿಯಾಗಿ, ರೆಕ್ಕೆಗಳ ಹತ್ತಿರ ನೀರಾಗಿ, ಒಳಗಿನ ಬತ್ತಿಯಂಥ ಪದರದ ಮೂಲಕ ವಾಪಸಾಗುತ್ತದೆ. ಅದು ಮುಚ್ಚಿದ ಕೊಳವೆ, ನಮ್ಮ ಕೂಲರಿಗೆ ಮಾತ್ರ ಕಿಟಕಿ ತೆರೆದಿರಲೇಬೇಕು. ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ತಂಪಾಗುವುದು ನಿಂತುಹೋಗುತ್ತದೆ. ಹನಿ ಸಿಡಿಯದ ಹಾಗೆ ಕೂಲರಿನ ಮುಖವನ್ನು ಕ್ಯಾಬಿನೆಟ್ಟಿನಿಂದ ಬೇರೆ ಕಡೆಗೆ ತಿರುಗಿಸಿಟ್ಟಿದ್ದೇನೆ.