ಗದ್ದೆಗೆ ಬಂದ ಕೆಂಪಕ್ಕಿ ಕಳೆ, ಬಕೆಟ್‌ನಲ್ಲಿ ಬೆಳೆಸಿ ನೋಡಿದ ನನ್ನ ಅನುಭವ

ಗಂಗಾವತಿ ಹತ್ರ ನಮ್ದು ಮೂರೆಕರೆ ಗದ್ದೆ, ಕಾಲುವೆ ಕೊನೇಲಿದೆ, ನೀರು ಬರೋದು ತಡ, ನಾಟಿಗೆ ಆಳೂ ಸಿಗಲ್ಲ, ಅದಕ್ಕೇ ಕೂರಿಗೆ ಹಿಡಿದು ನೇರ ಬಿತ್ತನೆ ಶುರು ಮಾಡಿದ್ವಿ. ಎರಡು ವರ್ಷ ಚೆನ್ನಾಗಿತ್ತು. ಮೂರನೇ ವರ್ಷ ಸೋನಾ ಮಸೂರಿ ಮಧ್ಯೆ ಒಂದು ಗೇಣು ಮೇಲೆದ್ದ ಗಿಡಗಳು, ತೆನೆಗೆ ಉದ್ದ ಮೀಸೆ, ಕೈ ತಾಗಿದ್ರೆ ಸಾಕು ಕಾಳು ಉದುರ್ತಿತ್ತು, ಸಿಪ್ಪೆ ಸುಲಿದ್ರೆ ಒಳಗೆ ಕೆಂಪಕ್ಕಿ. ಭತ್ತದ ಕಳೆನಾಶಕ ಹೊಡೆದ್ರೂ ಏನೂ ಆಗಲ್ಲ, ಯಾಕಂದ್ರೆ ಇದೂ ಭತ್ತಾನೇ.

ಪಕ್ಕದ ಗದ್ದೆ ಕಾಕಾ "ಹಾರ್ವೆಸ್ಟರ್‌ದಾಗ ಬಂದೈತಿ ತಮ್ಮಾ" ಅಂದ್ರು. ಇರಬಹುದು, ಆದ್ರೆ ಎಲ್ಲಾನೂ ಹೊರಗಿಂದ ಬಂದಿದ್ದೋ ಇಲ್ಲಾ ನನ್ನ ಗದ್ದೇಲೇ ಒಂದಷ್ಟು ಹುಟ್ಟಿದ್ದೋ ಅಂತ ನನಗೆ ಗೊತ್ತಾಗಲೇಬೇಕಿತ್ತು. ಆರು ತೆನೆಗೆ ಬಟ್ಟೆ ಚೀಲ ಕಟ್ಟಿ ಉದುರಿದ ಕಾಳನ್ನ ಬೇರೆ ಬೇರೆ ಕವರ್‌ನಲ್ಲಿ ಇಟ್ಟೆ. ತಕ್ಷಣ ಬಿತ್ತಿದ್ರೆ ಹೆಚ್ಚುಕಮ್ಮಿ ಯಾವುದೂ ಮೊಳೀಲಿಲ್ಲ, ನಮ್ಮ ಭತ್ತ ಮಾತ್ರ ಬಂತು. ಆಮೇಲೆ ಓದಿ ತಿಳಕೊಂಡೆ, ಅಕ್ಕಿಗೆ ಕೆಂಪು ಕೊಡೋ ಆರ್‌ಸಿ ಅನ್ನೋ ಜೀನೇ ಕಾಳನ್ನ ನಿದ್ದೆಯಲ್ಲೂ ಇಡುತ್ತೆ. ನಾವು ತಿನ್ನೋ ಬಿಳಿ ಅಕ್ಕಿಗಳಲ್ಲಿ ಹೆಚ್ಚಿನವುಗಳಲ್ಲಿ ಆ ಜೀನಿನ ಡಿಎನ್ಎ ಬರಹದಲ್ಲಿ 14 ಅಕ್ಷರ ಬಿಟ್ಟುಹೋಗಿರುತ್ತೆ, ಅದಕ್ಕೇ ಅದು ಕೆಲಸ ಮಾಡಲ್ಲ. ಹಂಗಾಗಿ ಕೆಂಪು ಕಾಳು ಮಣ್ಣಲ್ಲಿ ಸುಮ್ನೆ ಕಾಯ್ತಿರುತ್ತೆ.

ಎರಡು ತಿಂಗಳು ಬಿಟ್ಟು ಮತ್ತೆ ಬಕೆಟ್‌ಗಳಲ್ಲಿ ಹಾಕಿದೆ. ಐದು ತೆನೆಯ ಮಕ್ಕಳು ಎಲ್ಲಾ ತಾಯಿ ಥರಾನೇ, ಕೆಂಪು, ಉದ್ದ, ಉದುರೋದು. ಆರನೇದು ಬೇರೆ. ಅದರಲ್ಲಿ 38 ಗಿಡ ಉಳೀತು, ಕೆಲವಕ್ಕೆ ಮೀಸೆ ಇದೆ ಕೆಲವಕ್ಕಿಲ್ಲ, 29 ಕೆಂಪಕ್ಕಿ, 9 ಬಿಳಿ. ಮೂರಕ್ಕೊಂದು! ಕೆಂಪಿನ ಜೀನು ಒಂದು, ಬಿಳಿಯದು ಒಂದು ಹೊತ್ತ ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟಿದ್ರೆ ಮಕ್ಕಳಲ್ಲಿ ಬರೋ ಲೆಕ್ಕ ಇದು. ಅಂದ್ರೆ ಅದರ ತಾಯಿ, ಕಳೆಗೂ ಬಿಳಿ ಅಕ್ಕಿ ಭತ್ತಕ್ಕೂ ಕೂಡಿ ಹುಟ್ಟಿದ್ದು. ಇಲ್ಲಿ ಯಾರಾದ್ರೂ ಎಡವಬಹುದು, ನಾನೂ ಎಡವಿದ್ದೆ: ಆ ತಾಯಿ ತೆನೇಲಿ ಎಲ್ಲಾ ಕಾಳೂ ಕೆಂಪೇ ಇತ್ತು, ಕಲಬೆರಕೆ ಇಲ್ಲ ಅನ್ಕೊಂಡಿದ್ದೆ. ಅಕ್ಕಿ ಮೇಲಿನ ಕೆಂಪು ಪದರ ತಾಯಿಗಿಡದ್ದು, ಒಳಗಿನ ಮರಿಯದ್ದಲ್ಲ, ಹಂಗಾಗಿ ಮುಂದಿನ ತಲೆಮಾರು ಬೆಳೆಸಿ ಸುಲಿದ್ರೇನೇ ನಿಜ ಗೊತ್ತಾಗೋದು. ಭತ್ತ ತನ್ನ ಪರಾಗಾನೇ ಬಳಸುತ್ತೆ, ಹೊರಗಿನ ಜೊತೆ ಕೂಡೋದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಮ್ಮಿ, ಆದ್ರೆ ಒಂದು ಗದ್ದೇಲಿ ಎಷ್ಟು ಲಕ್ಷ ಹೂ ಬಿಡುತ್ತೆ ಯೋಚಿಸಿ.

ಅಮೆರಿಕದ ಕಳೆ ಭತ್ತದ ಕಥೆ ಓದಿ ನಾನು ಎರಡು ದಿನ ಅದನ್ನೇ ಯೋಚಿಸ್ತಿದ್ದೆ. ಅಲ್ಲಿನ ಕಳೇಲಿ, ಕಾಳು ಉದುರೋದನ್ನ ನಿರ್ಧರಿಸೋ ಎಸ್‌ಎಚ್4 ಜೀನಿನ ಉದುರದ ರೂಪಾನೇ ಇದೆ, ಅಂದ್ರೆ ಮನುಷ್ಯ ಪಳಗಿಸಿದ ಭತ್ತದ್ದೇ ಗುರುತು, ಆದ್ರೂ ಕಾಳು ಉದುರುತ್ತೆ. ಒಮ್ಮೆ ಪಳಗಿದ್ದು ಬೇರೆ ಜೀನ್‌ಗಳ ದಾರಿ ಹಿಡಿದು ಮತ್ತೆ ಕಾಡಾಗಿದೆ.

ಇನ್ನೊಂದು, ಹಿಂದೆ ಮಧ್ಯ ಭಾರತದಲ್ಲಿ ಕಳೆ ಗುರುತು ಸಿಗಲಿ ಅಂತ ನೇರಳೆ ಎಲೆಯ ಭತ್ತ ಬಿತ್ತಿ ಹಸಿರಿರೋದನ್ನೆಲ್ಲಾ ಕಿತ್ರು, ಕೆಲವು ವರ್ಷದಲ್ಲಿ ಬೆಳೆ ಜೊತೆ ಕೂಡಿ ಕಳೇನೂ ನೇರಳೆ ಆಯ್ತು. ಇದನ್ನ ಓದಿದ ಮೇಲೇ ನನ್ನ ತಪ್ಪು ಹೊಳೆದಿದ್ದು. ನಾನು ಎದ್ದು ಕಾಣೋದನ್ನ ಮಾತ್ರ ಕೀಳ್ತಿದ್ದೆ, ಉಳೀತಿದ್ದಿದ್ದು ಗಿಡ್ಡ, ಮೀಸೆ ಇಲ್ಲದ್ದು, ನಮ್ಮ ಪೈರಿನಂಥದ್ದೇ. ಅದನ್ನ ಆರಿಸಿ ಬೆಳೆಸ್ತಿದ್ದಿದ್ದು ನನ್ನ ಕೈಯೇ.

ಅಲ್ಲಿಂದ ದಾರಿ ಬದಲಿಸಿದೆ. ಬಿತ್ತೋ ಮುಂಚೆ ಗದ್ದೆಗೆ ನೀರು ಬಿಟ್ಟು ಮೊಳೆಯೋಕೆ ಬಿಡ್ತೀನಿ, ಹದಿನೈದು ದಿನಕ್ಕೆ ಕುಂಟೆ, ಮತ್ತೆ ನೀರು, ಮತ್ತೆ ಕುಂಟೆ. ಒಂದು ವರ್ಷ ಕಷ್ಟಪಟ್ಟು ನಾಟಿ ಮಾಡಿದೆ, ಸಾಲು ಬಿಟ್ಟು ಹುಟ್ಟಿದ್ದೆಲ್ಲಾ ಕಿತ್ತೆ. ಬೀಜಕ್ಕೆ ಹಿಡಿಯೋ ಭತ್ತದಿಂದ ಒಂದೊಂದು ಹಿಡಿ ಸುಲಿದು ಕೆಂಪು ಇದ್ಯಾ ನೋಡ್ತೀನಿ. ಹಾರ್ವೆಸ್ಟರ್ ನಮ್ಮ ಗದ್ದೆಗೆ ಇಳಿಯೋ ಮುಂಚೆ ನಿಂತು ಕ್ಲೀನ್ ಮಾಡಿಸ್ತೀನಿ, ಡ್ರೈವರ್ ಗೊಣಗಿದ್ರೂ ಸರಿ.

ಈ ಸಲ ಕೆಳಗಿನ ಮೂಲೇಲಿ ಹನ್ನೊಂದು ಗಿಡ ಸಿಕ್ತು, ಅದರಲ್ಲಿ ಏಳಕ್ಕೆ ಮೀಸೆ ಇಲ್ಲ. ಅವನ್ನ ಬೇರು ಸಮೇತ ತಂದು ಬಕೆಟ್‌ಗೆ ಹಾಕಿ, ತೆನೆಗೆ ಚೀಲ ಕಟ್ಟಿದೀನಿ.